ಸ್ಪಾರ್ಟಾದ ಗುರಾಣಿ ಮೇಲೆ ಲ್ಯಾಂಬ್ಡಾ ಇತ್ತಾ? ಮೊದಲು ಇಸವಿ ಹೇಳಿ

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಆರ್ಟಿಸ್ಟ್. ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಪೆಲೊಪೊನೀಷಿಯನ್ ಯುದ್ಧದ ಮೇಲೆ ಮೊಬೈಲ್ ಸ್ಟ್ರಾಟೆಜಿ ಗೇಮ್ ಮಾಡುತ್ತಿದ್ದೇವೆ. ನಮ್ಮ ಲೀಡ್ ಹೇಳಿದ ಪ್ರಕಾರ ಸ್ಪಾರ್ಟಾದ ಪ್ರತಿ ಸೈನಿಕನಿಗೂ ಬರಿ ಮೈ, ಕೆಂಪು ನಿಲುವಂಗಿ, ಗುರಾಣಿ ಮೇಲೆ ಲ್ಯಾಂಬ್ಡಾ (ಗ್ರೀಕ್‌ನ ‘ಲ’) ಅಕ್ಷರ ಹಾಕಿದ್ದೇನೆ. ಅಥೆನ್ಸಿನವರಿಗೆ ನೀಲಿ ಬಟ್ಟೆ, ಗುರಾಣಿ ಮೇಲೆ ಗೂಬೆ. ಮ್ಯಾಸಿಡೋನಿಯಾದವರಿಗೆ ಉದ್ದ ಈಟಿ, ಹದಿನಾರು ಕಿರಣದ ಸೂರ್ಯ. ಟೆಸ್ಟಿಂಗ್‌ಗೆ ಆಡಿದ ಒಬ್ಬರು, ‘ಲ್ಯಾಂಬ್ಡಾ ಶುದ್ಧ ಸುಳ್ಳು, ಸಿನಿಮಾದವರು ಹುಟ್ಟಿಸಿದ್ದು. ಗ್ರೀಕರಲ್ಲಿ ಯೂನಿಫಾರ್ಮೇ ಇರಲಿಲ್ಲ’ ಅಂತ ಬರೆದಿದ್ದಾರೆ. ಲೀಡ್ ಒಪ್ಪುತ್ತಿಲ್ಲ. ನಾನು ಎಲ್ಲವನ್ನೂ ಮತ್ತೆ ಬರೆಯಬೇಕಾ? ಬರೆದರೆ ಫೋನಿನ ಪರದೆ ಮೇಲೆ ಯಾರು ಯಾವ ಪಕ್ಷ ಅಂತ ಗೊತ್ತಾಗುತ್ತಾ? ‘ಇತಿಹಾಸಕ್ಕೆ ನಿಷ್ಠವಾದ ಗೇಮ್’ ಅಂತ ಹೇಳಿಕೊಳ್ಳಬಹುದಾ?

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಒಂದು ಕಡೆ ತಿಂಗಳುಗಟ್ಟಲೆ ಮಾಡಿದ ಕೆಲಸ, ಇನ್ನೊಂದು ಕಡೆ ‘ಎಲ್ಲ ಸುಳ್ಳು’ ಅನ್ನುವ ಮಾತು. ಸಮಾಧಾನದ ಸುದ್ದಿ ಏನೆಂದರೆ, ನಿಮ್ಮ ಟೆಸ್ಟರ್ ಹೇಳಿದ್ದು ಅರ್ಧ ಸರಿ. ನಿಮ್ಮ ಲೀಡ್ ಹೇಳಿದ್ದೂ ಅರ್ಧ ಸರಿ. ಇಬ್ಬರೂ ಒಂದೇ ಪ್ರಶ್ನೆಯನ್ನು ಬಿಟ್ಟಿದ್ದಾರೆ: ಯಾವ ಇಸವಿ?

ಗೇಮ್ ತಂಡಗಳಿಗೆ ಸಲಹೆ ಕೊಡುವಾಗ ನಾನು ಮೊದಲು ಕೇಳುವುದು ಇದನ್ನೇ. ‘ಪ್ರಾಚೀನ ಗ್ರೀಸ್’ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮೊದಲ ಕಂಚಿನ ಎದೆಕವಚದಿಂದ ರೋಮನ್ನರು ಗ್ರೀಸನ್ನು ಗೆಲ್ಲುವವರೆಗೆ ಐನೂರು ವರ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಹೆಲ್ಮೆಟ್ ಬದಲಾಯಿತು, ಕವಚ ಬದಲಾಯಿತು, ಈಟಿಯ ಉದ್ದ ದುಪ್ಪಟ್ಟಾಯಿತು. ನಿಮ್ಮ ಗೇಮ್‌ಗೆ ಅದೃಷ್ಟಕ್ಕೆ ಖಚಿತವಾದ ಕಾಲ ಇದೆ. ಕ್ರಿ.ಪೂ. 431ರಿಂದ 404. ಹಾಗಾಗಿ ಉತ್ತರವೂ ಸಾಕಷ್ಟು ಖಚಿತವಾಗಿಯೇ ಸಿಗುತ್ತದೆ.

ಲ್ಯಾಂಬ್ಡಾದಿಂದಲೇ ಶುರು ಮಾಡೋಣ. ಅದು ಸಿನಿಮಾದವರು ಹುಟ್ಟಿಸಿದ್ದಲ್ಲ. ಕ್ರಿ.ಶ. 9ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಫೋಟಿಯಸ್ ಎಂಬ ಧರ್ಮಗುರು ಒಂದು ನಿಘಂಟು ಮಾಡಿದ. ಲೆಸಿಡೇಮೋನಿಯನ್ನರು, ಅಂದರೆ ಸ್ಪಾರ್ಟಾದವರು, ಗುರಾಣಿ ಮೇಲೆ ಲ್ಯಾಂಬ್ಡಾ ಬರೆಯುತ್ತಿದ್ದರು, ಮೆಸ್ಸೀನಿಯಾದವರು ಮ್ಯೂ (ಗ್ರೀಕ್‌ನ ‘ಮ’) ಬರೆಯುತ್ತಿದ್ದರು ಅಂತ ಅದರಲ್ಲಿದೆ. ಅದಕ್ಕೆ ಸಾಕ್ಷಿಯಾಗಿ ಅವನು ಯೂಪೊಲಿಸ್ ಎಂಬ ಹಾಸ್ಯ ನಾಟಕಕಾರನ ಒಂದು ಸಾಲು ಕೊಡುತ್ತಾನೆ. ಹೊಳೆಯುವ ಲ್ಯಾಂಬ್ಡಾಗಳನ್ನು ಕಂಡು ಒಬ್ಬ ಹೆದರಿದ ಅನ್ನುವ ಅರ್ಥದ ಸಾಲು. ಯೂಪೊಲಿಸ್ ಬರೆದದ್ದು ಸರಿಯಾಗಿ ನಿಮ್ಮ ಯುದ್ಧದ ಕಾಲದಲ್ಲಿ, ಅಥೆನ್ಸಿನಲ್ಲಿ ಕೂತು. ಅಂದರೆ ನಿಮ್ಮ ಗೇಮ್‌ನಲ್ಲಿ ಲ್ಯಾಂಬ್ಡಾ ಇರಬಹುದು. ತಕರಾರಿಲ್ಲ.

ಆದರೆ ಇದೇ ಲ್ಯಾಂಬ್ಡಾವನ್ನು ಕ್ರಿ.ಪೂ. 480ರ ಥರ್ಮೊಪಿಲೇ ಕಾಳಗದ ಸೈನಿಕರಿಗೆ ಹಾಕಿದರೆ ಅದಕ್ಕೆ ಆಧಾರವಿಲ್ಲ. ಆ ಕಾಲದ ಒಂದು ಬರಹವೂ, ಒಂದು ಚಿತ್ರವೂ ಅದನ್ನು ತೋರಿಸುವುದಿಲ್ಲ. ಇನ್ನೊಂದು ಮಾತು ನೆನಪಿಡಿ. ಆಧಾರ ಅಂದರೆ ನಾಟಕದ ಒಂದೇ ಸಾಲು, ಅದೂ ಸಾವಿರ ವರ್ಷ ದಾಟಿದ ಮೇಲೆ ಇನ್ನೊಬ್ಬ ಎತ್ತಿ ಬರೆದದ್ದು. ‘ಇತ್ತು’ ಅನ್ನಲು ಅದು ಸಾಕು. ‘ಪ್ರತಿ ಗುರಾಣಿ ಮೇಲೂ, ಪ್ರತಿ ದಿನವೂ ಇತ್ತು’ ಅನ್ನಲು ಸಾಲದು.

ಹಾಗಾದರೆ ಗುರಾಣಿ ಗುರುತುಗಳು ಒಟ್ಟಾರೆ ಹೇಗಿದ್ದವು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹಳೆಯ ಕಾಲದಲ್ಲಿ ಗುರುತು ಊರಿನದಲ್ಲ, ಆಳಿನದು. ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿ ‘ಚಿಗಿ ಹೂಜಿ’ ಅಂತ ಒಂದಿದೆ. ಸುಮಾರು ಕ್ರಿ.ಪೂ. 650ರ ಆಸುಪಾಸಿನದು, ಕೊರಿಂತ್‌ನಲ್ಲಿ ಮಾಡಿದ್ದು. ಸಾಲಾಗಿ ನಿಂತ ಸೈನಿಕರು, ಜೊತೆಗೆ ಪೀಪಿ ಊದುವ ಹುಡುಗ. ಒಂದೇ ಸಾಲಿನಲ್ಲಿ ಒಬ್ಬನ ಗುರಾಣಿ ಮೇಲೆ ಹಕ್ಕಿ, ಇನ್ನೊಬ್ಬನದರ ಮೇಲೆ ಬೇರೆ ಪ್ರಾಣಿ. ಗ್ರೀಕ್ ಹೂಜಿಗಳ ಮೇಲೆಲ್ಲ ಇದೇ ಕಥೆ. ಹಾವು, ಸಿಂಹ, ಹುಂಜ, ಹಕ್ಕಿ, ಗಾರ್ಗನ್ ಎಂಬ ರಾಕ್ಷಸಿಯ ಮುಖ. ಯಾಕೆ ಹೀಗೆ ಅಂದರೆ ಗುರಾಣಿ ಸರ್ಕಾರ ಕೊಟ್ಟದ್ದಲ್ಲ. ಸ್ವಂತ ದುಡ್ಡಿನದು. ನಮ್ಮೂರಿನ ಲಾರಿ ಮಾಲೀಕ ತನ್ನ ಲಾರಿ ಹಿಂದೆ ತನಗೆ ಬೇಕಾದ್ದನ್ನೇ ಬರೆಸುತ್ತಾನಲ್ಲ, ಹಾಗೆ.

ಪ್ಲೂಟಾರ್ಕ್ ಎಂಬ ಗ್ರೀಕ್ ಲೇಖಕ ಒಂದು ಕಥೆ ಹೇಳುತ್ತಾನೆ. ಒಬ್ಬ ಸ್ಪಾರ್ಟಾದವನು ಗುರಾಣಿ ಮೇಲೆ ನೊಣದ ಚಿತ್ರ ಬರೆಸಿಕೊಂಡಿದ್ದ. ಅದೂ ನಿಜವಾದ ನೊಣದಷ್ಟೇ ದೊಡ್ಡದು. ಯಾರಿಗೂ ಗುರುತು ಸಿಗಬಾರದು ಅಂತ ಹೀಗೆ ಮಾಡಿದೆಯಾ ಅಂತ ಜನ ಹಂಗಿಸಿದರು. ಅವನು, ‘ಶತ್ರುವಿನ ಹತ್ತಿರ ಅಷ್ಟು ಹೋಗುತ್ತೇನೆ, ಅವನಿಗೆ ನೊಣ ಎಷ್ಟಿದೆಯೋ ಅಷ್ಟೂ ಕಾಣುತ್ತದೆ’ ಅಂದನಂತೆ. ಕಥೆ ನಿಜವೋ ಅಲ್ಲವೋ, ಸ್ಪಾರ್ಟಾದವನ ಗುರಾಣಿ ಮೇಲೂ ಸ್ವಂತ ಗುರುತು ಇರಬಹುದು ಅನ್ನುವುದು ಹೇಳಿದವರಿಗೂ ಕೇಳಿದವರಿಗೂ ವಿಚಿತ್ರ ಅನ್ನಿಸಲಿಲ್ಲ.

ಊರಿನ ಗುರುತು ನಿಧಾನಕ್ಕೆ ಬಂತು. ಅದಕ್ಕೆ ಗಟ್ಟಿ ಸಾಕ್ಷಿ ಝೆನೊಫೋನ್ ಎಂಬ ಗ್ರೀಕ್ ಚರಿತ್ರೆಕಾರ. ಅವನು ಸ್ವತಃ ಸೈನಿಕ. ಕ್ರಿ.ಪೂ. 392ರಲ್ಲಿ ಕೊರಿಂತ್ ಬಳಿ ನಡೆದ ಕಾಳಗದಲ್ಲಿ ಪಾಸಿಮಾಕಸ್ ಎಂಬ ಸ್ಪಾರ್ಟಾದ ಕುದುರೆ ದಳದ ನಾಯಕ ಕುದುರೆಗಳನ್ನು ಮರಕ್ಕೆ ಕಟ್ಟಿ, ಸಿಕಿಯಾನ್‌ನವರ ಗುರಾಣಿಗಳನ್ನು ತೆಗೆದುಕೊಂಡು ಕೆಲವರೊಂದಿಗೆ ಮುನ್ನುಗ್ಗಿದ. ಆ ಗುರಾಣಿಗಳ ಮೇಲೆ ಸಿಗ್ಮಾ (ಗ್ರೀಕ್‌ನ ‘ಸ’) ಅಕ್ಷರ ಇತ್ತು. ಎದುರಿದ್ದ ಆರ್ಗಾಸ್‌ನವರು ಅದನ್ನು ನೋಡಿ, ‘ಓ, ಸಿಕಿಯಾನ್‌ನವರು’ ಅಂತ ಹೆದರಲೇ ಇಲ್ಲ. ಪಾಸಿಮಾಕಸ್, ‘ಈ ಸಿಗ್ಮಾಗಳು ನಿಮ್ಮನ್ನು ಮೋಸ ಮಾಡುತ್ತವೆ’ ಅಂದ. ಅವನು ಅಲ್ಲೇ ಸತ್ತ. ಆದರೆ ನಮಗೆ ಎರಡು ವಿಷಯ ಖಾತ್ರಿಯಾಯಿತು. ಸಿಕಿಯಾನ್‌ಗೆ ಊರಿನ ಅಕ್ಷರ ಇತ್ತು. ಜನ ಗುರಾಣಿ ನೋಡಿ ಊರು ಗುರುತಿಸುತ್ತಿದ್ದರು. ಮುಂದೆ ಕ್ರಿ.ಪೂ. 362ರ ಮ್ಯಾಂಟಿನಿಯಾ ಕಾಳಗದ ಹೊತ್ತಿಗೆ ಆರ್ಕೇಡಿಯಾದವರು ಥೀಬ್ಸ್‌ನವರ ಹಾಗೆ ಗುರಾಣಿ ಮೇಲೆ ಗದೆ ಬರೆದುಕೊಂಡರು ಅಂತಲೂ ಅವನೇ ಬರೆಯುತ್ತಾನೆ. ಗದೆ ಪುರಾಣದ ವೀರ ಹೆರಾಕ್ಲಿಸ್‌ನದು, ಅವನು ಥೀಬ್ಸ್‌ನಲ್ಲಿ ಹುಟ್ಟಿದವನು ಅನ್ನುವುದು ಅವರ ನಂಬಿಕೆ.

ನಿಮ್ಮ ಯುದ್ಧ ಸ್ವಂತ ಗುರುತಿನ ಕಾಲ, ಊರಿನ ಗುರುತಿನ ಕಾಲ, ಇವೆರಡರ ನಡುವೆ ಬೀಳುತ್ತದೆ. ಕೆಲವು ಊರುಗಳಿಗೆ ಗುರುತು ಬಂದಿತ್ತು, ಎಲ್ಲಕ್ಕೂ ಬಂದಿರಲಿಲ್ಲ. ಅಥೆನ್ಸಿಗೆ ಬಂದಿರಲಿಲ್ಲ ಅನ್ನುವುದಕ್ಕೆ ಒಂದು ನೋವಿನ ಸಾಕ್ಷಿ ಇದೆ. ಕ್ರಿ.ಪೂ. 424ರಲ್ಲಿ ಡೀಲಿಯಂ ಬಳಿ ಅಥೆನ್ಸಿನ ಬಲಗಡೆಯ ಸಾಲು ಶತ್ರುವನ್ನು ಸುತ್ತುವರಿಯಿತು. ಆ ಗೊಂದಲದಲ್ಲಿ ಅಥೆನ್ಸಿನವರು ಒಬ್ಬರನ್ನೊಬ್ಬರು ಗುರುತಿಸದೆ ತಮ್ಮವರನ್ನೇ ಕೊಂದರು ಅಂತ ಈ ಯುದ್ಧದ ಚರಿತ್ರೆ ಬರೆದ ಥೂಸಿಡಿಡೀಸ್ ಬರೆದಿದ್ದಾನೆ. ಎಲ್ಲರ ಬಟ್ಟೆಯೂ ನೀಲಿ, ಗುರಾಣಿ ಮೇಲೆಲ್ಲ ದೊಡ್ಡ ಬಿಳಿ ಗೂಬೆ ಇದ್ದಿದ್ದರೆ ಹೀಗೆ ಆಗುವುದು ಕಷ್ಟ ಅಲ್ವಾ? ಗೂಬೆ ಅಥೆನ್ಸಿನ ನಾಣ್ಯದ್ದು, ಅದರಲ್ಲಿ ಸಂಶಯವಿಲ್ಲ. ಧ್ವಜದಂಥ ಚಿಹ್ನೆಗೆ, ಮೆನು ಐಕಾನ್‌ಗೆ, ನಾಣ್ಯ ತೋರಿಸುವ ಜಾಗಕ್ಕೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ. ಪ್ರತಿ ಗುರಾಣಿಗೂ ಅಂಟಿಸಬೇಡಿ. ಅಲ್ಲಿ ಹತ್ತಾರು ಬೇರೆ ಬೇರೆ ಚಿತ್ರ ಬರಲಿ. ಅಥೆನ್ಸಿನ ಸೇನಾಪತಿ ಅಲ್ಸಿಬಯಾಡಿಸ್ ನಿಮ್ಮ ಗೇಮ್‌ನಲ್ಲಿ ನಾಯಕನಾಗಿದ್ದರೆ ಅವನಿಗೆ ಸಿಡಿಲು ಹಿಡಿದ ಪ್ರೇಮದೇವತೆ ಇರೋಸ್‌ನ ಚಿತ್ರ ಕೊಡಿ. ಅವನ ಗುರಾಣಿ ಮೇಲೆ ಅದೇ ಇತ್ತು, ಅದಕ್ಕೆ ಹಿರಿಯರು ಮುಖ ಸಿಂಡರಿಸುತ್ತಿದ್ದರು ಅಂತ ಪ್ಲೂಟಾರ್ಕ್ ಹೇಳುತ್ತಾನೆ.

ಈಗ ಬರಿ ಮೈ, ಕೆಂಪು ಬಟ್ಟೆಯ ವಿಷಯ.

ಬರಿ ಮೈ ಗ್ರೀಕ್ ಕಲೆಯ ರೂಢಿ. ವೀರನನ್ನು ತೋರಿಸುವಾಗ ಶಿಲ್ಪಿ, ಚಿತ್ರಗಾರ ಇಬ್ಬರೂ ಬಟ್ಟೆ ತೆಗೆದುಬಿಡುತ್ತಿದ್ದರು. ಕಾಳಗಕ್ಕೆ ಸಾಮಾನ್ಯವಾಗಿ ಹಾಗೆ ಹೋಗುತ್ತಿರಲಿಲ್ಲ. ಆದರೂ ನಿಮ್ಮ ಲೀಡ್ ಪೂರ್ತಿ ದಾರಿ ತಪ್ಪಿಲ್ಲ. ನಿಮ್ಮ ಕಾಲದಲ್ಲಿ ಕವಚದ ಭಾರ ಕಡಿಮೆಯಾಗುತ್ತಾ ಬಂದಿತ್ತು. ಆ ಕಾಲದ ಸಮಾಧಿ ಕಲ್ಲುಗಳಲ್ಲಿ ಎದೆಕವಚವೇ ಇಲ್ಲದ ಸೈನಿಕರು ಕಾಣುತ್ತಾರೆ. ಒಂದು ಭುಜ ಬಿಟ್ಟು ಕಟ್ಟಿದ ಮೊಣಕಾಲುದ್ದದ ಅಂಗಿ, ಶಂಕುವಿನ ಆಕಾರದ ಸರಳ ಹೆಲ್ಮೆಟ್, ದೊಡ್ಡ ಗುರಾಣಿ, ಅಷ್ಟೇ. ಮುಖ ಮುಚ್ಚುವ ಕೊರಿಂತಿಯನ್ ಹೆಲ್ಮೆಟ್ ಆಗ ಹಳೆಯದಾಗಿತ್ತು. ಹಾಗಾಗಿ ನಿಮ್ಮ ಸ್ಪಾರ್ಟಾ ಸೈನಿಕನಿಗೆ ಅಂಗಿ ತೊಡಿಸಿ, ಬಲ ಭುಜ ಬಿಡಿ, ಹೆಲ್ಮೆಟ್ ಬದಲಿಸಿ. ಲೀಡ್‌ಗೆ ಬೇಕಾದ ಗಟ್ಟಿ ತೋಳು ಕಾಣುತ್ತದೆ, ಚರಿತ್ರೆಗೂ ಹತ್ತಿರವಾಗುತ್ತದೆ.

ಕೆಂಪಿಗೆ ಆಧಾರ ಚೆನ್ನಾಗಿಯೇ ಇದೆ. ಸ್ಪಾರ್ಟಾದವರಿಗೆ ಕೆಂಪು ಉಡುಪು, ಕಂಚಿನ ಗುರಾಣಿ ಅನ್ನುವುದು ಅವರ ಕಾನೂನು ಮಾಡಿದವನು ಎನ್ನಲಾದ ಲೈಕರ್ಗಸ್‌ನ ನಿಯಮ ಅಂತ ಝೆನೊಫೋನ್ ಬರೆಯುತ್ತಾನೆ. ಆದರೆ ಕೆಂಪು ಅವರೊಬ್ಬರದೇ ಸ್ವತ್ತಲ್ಲ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್‌ನ ಸಂಬಳಕ್ಕಿದ್ದ ಗ್ರೀಕ್ ಸೈನಿಕರು ಕವಾಯತಿಗೆ ನಿಂತಾಗ ಎಲ್ಲರಿಗೂ ಕಂಚಿನ ಹೆಲ್ಮೆಟ್, ಕೆಂಪು ಅಂಗಿ ಇತ್ತು. ಅವರು ಗ್ರೀಸಿನ ಹಲವು ಊರುಗಳಿಂದ ಬಂದವರು. ಬೆನ್ನ ಹಿಂದೆ ಹಾರಾಡುವ ನಿಲುವಂಗಿ ಮಾತ್ರ ಬಿಟ್ಟುಬಿಡಿ. ಒತ್ತೊತ್ತಾಗಿ ನಿಂತ ಸಾಲಿನಲ್ಲಿ, ಹಿಂದಿನವನ ಈಟಿ ಪಕ್ಕದಲ್ಲೇ ಇರುವಾಗ ಅದು ತೊಡಕು. ಕೆಂಪು ಅಂಗಿ ಸಾಕು.

ಕಂಚಿನ ಗುರಾಣಿ ಅಂದೆ. ಅದನ್ನು ಇವತ್ತಿಗೂ ನೋಡಬಹುದು. ಕ್ರಿ.ಪೂ. 425ರಲ್ಲಿ ಪೈಲಾಸ್ ಬಳಿಯ ಸ್ಫ್ಯಾಕ್ಟೀರಿಯಾ ದ್ವೀಪದಲ್ಲಿ ಸ್ಪಾರ್ಟಾದ ಸೈನ್ಯ ಶರಣಾಯಿತು. ಗ್ರೀಸೆಲ್ಲ ಬೆಚ್ಚಿಬಿದ್ದ ಘಟನೆ. ಅಲ್ಲಿ ಕಿತ್ತುಕೊಂಡ ಗುರಾಣಿಗಳನ್ನು ಅಥೆನ್ಸಿನವರು ಊರಿಗೆ ತಂದು ಪ್ರದರ್ಶನಕ್ಕೆ ಇಟ್ಟರು. ಅದರಲ್ಲಿ ಒಂದು 1936ರಲ್ಲಿ ಅಥೆನ್ಸಿನ ಹಳೆ ಪೇಟೆ ಅಗೋರಾದ ಉತ್ಖನನದಲ್ಲಿ ಸಿಕ್ಕಿತು. ‘ಪೈಲಾಸ್‌ನಲ್ಲಿ ಲೆಸಿಡೇಮೋನಿಯನ್ನರಿಂದ ಅಥೆನ್ಸಿನವರು ಪಡೆದದ್ದು’ ಎಂಬರ್ಥದ ಅಕ್ಷರ ಅದರ ಮೇಲೆ ಕುಟ್ಟಿದ್ದಾರೆ. ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ. ನಿಮ್ಮ ಯುದ್ಧದ್ದೇ ಗುರಾಣಿ ಅದು. ನಿಮ್ಮ ಮಾಡೆಲ್‌ಗೆ ಅದಕ್ಕಿಂತ ಒಳ್ಳೆ ಆಧಾರ ಬೇರೆ ಇಲ್ಲ, ಅಂಚಿನ ಹೆಣಿಗೆಯ ವಿನ್ಯಾಸವನ್ನೂ ಬಿಡದೆ ನೋಡಿ ಬರೆಯಿರಿ.

ಸ್ಫ್ಯಾಕ್ಟೀರಿಯಾ ಹೆಸರು ಬಂದದ್ದಕ್ಕೆ, ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಚಿಹ್ನೆ ತಪ್ಪಾದರೆ ನನಗೆ ಅಷ್ಟು ಬೇಸರವಿಲ್ಲ. ಯಾರು ಕಾಣಿಸುವುದೇ ಇಲ್ಲವೋ ಅದು ನನಗೆ ಜಾಸ್ತಿ ಬೇಸರ. ಆ ದ್ವೀಪದಲ್ಲಿ ಸ್ಪಾರ್ಟಾದ ಭಾರಿ ಸೈನಿಕರನ್ನು ಸೋಲಿಸಿದ್ದು ಬಹುಪಾಲು ಬಿಲ್ಲುಗಾರರು, ಕವಣೆಗಾರರು, ಎಸೆಯುವ ಭರ್ಜಿ ಹಿಡಿದ ಹಗುರ ಸೈನಿಕರು. ಅವರು ಹತ್ತಿರ ಬರಲೇ ಇಲ್ಲ, ದೂರದಿಂದ ಹೊಡೆದು ಓಡಿದರು. ಕ್ರಿ.ಪೂ. 390ರಲ್ಲಿ ಲೆಖೇಯಂ ಬಳಿ ಸುಮಾರು 600 ಜನರ ಸ್ಪಾರ್ಟಾ ದಳವನ್ನು ಅಥೆನ್ಸಿನ ಸೇನಾಪತಿ ಇಫಿಕ್ರಟೀಸ್‌ನ ಪೆಲ್ಟಾಸ್ಟ್‌ಗಳು, ಅಂದರೆ ಇಂಥದೇ ಭರ್ಜಿ ಹಿಡಿದ ಹಗುರ ಸೈನಿಕರು, ಕಂಗೆಡಿಸಿದರು, ಸುಮಾರು 250 ಜನ ಸತ್ತರು. ಆದರೆ ಗೇಮ್‌ಗಳಲ್ಲಿ ನೋಡಿ, 2002ರ ‘ಏಜ್ ಆಫ್ ಮಿಥಾಲಜಿ’ಯಲ್ಲಿ ಪೆಲ್ಟಾಸ್ಟ್ ಕೆಲಸ ಬಿಲ್ಲುಗಾರರನ್ನು ಹೊಡೆಯುವುದು. ಆಟದ ಸಮತೋಲಕ್ಕೆ ಹಾಗೆ ಮಾಡಿದ್ದಾರೆ, ಸರಿ. ನೀವು ನಿಮ್ಮ ಗೇಮ್‌ನಲ್ಲಿ ಪೆಲ್ಟಾಸ್ಟ್‌ಗೆ ಹಾಪ್ಲೈಟ್‌ನನ್ನು, ಅಂದರೆ ದೊಡ್ಡ ಗುರಾಣಿ, ಈಟಿ ಹಿಡಿದ ಭಾರಿ ಸೈನಿಕನನ್ನು, ದಣಿಸುವ ಶಕ್ತಿ ಕೊಡಿ. ಗುರಾಣಿ ಚಿತ್ರ ತಿದ್ದುವುದಕ್ಕಿಂತ ಆ ಒಂದು ನಿಯಮ ಹೆಚ್ಚು ಚರಿತ್ರೆ ಹೇಳುತ್ತದೆ.

ಹೆಲಟ್‌ಗಳನ್ನೂ ಮರೆಯಬೇಡಿ. ಅವರು ಸ್ಪಾರ್ಟಾದ ಜೀತದಾಳುಗಳು. ಸ್ಪಾರ್ಟಾದವನು ದಿನವಿಡೀ ಕವಾಯತು ಮಾಡಲು ಸಾಧ್ಯವಾದದ್ದು ಇವರು ಹೊಲ ಉತ್ತು ಅವನಿಗೆ ಅನ್ನ ಹಾಕಿದ್ದರಿಂದ. ಕ್ರಿ.ಪೂ. 479ರ ಪ್ಲಾಟಿಯಾ ಕಾಳಗದಲ್ಲಿ 5,000 ಸ್ಪಾರ್ಟಾದವರ ಜೊತೆ ತಲೆಗೆ ಏಳರಂತೆ 35,000 ಹೆಲಟ್‌ಗಳು ಇದ್ದರು ಅಂತ ಗ್ರೀಕ್ ಚರಿತ್ರೆಕಾರ ಹೆರೊಡೊಟಸ್‌ನ ಲೆಕ್ಕ. ಲೆಕ್ಕ ಸ್ವಲ್ಪ ಹಿಗ್ಗಿದ್ದರೂ ಇರಬಹುದು. ಆದರೆ ಪರದೆ ಮೇಲೆ ಕೆಂಪು ಅಂಗಿಯವರು ಮಾತ್ರ ಇದ್ದರೆ, ಸ್ಪಾರ್ಟಾ ಬರೀ ಶೌರ್ಯದಿಂದ ನಡೆದ ಊರು ಅನ್ನಿಸಿಬಿಡುತ್ತದೆ. ಅದು ಲ್ಯಾಂಬ್ಡಾಕ್ಕಿಂತ ದೊಡ್ಡ ತಪ್ಪು. ನಿಮ್ಮ ಯುದ್ಧದಲ್ಲೇ ಬ್ರಾಸಿಡಾಸ್ ಎಂಬ ಸೇನಾಪತಿ 700 ಹೆಲಟ್‌ಗಳಿಗೆ ಹಾಪ್ಲೈಟ್ ಆಯುಧ ಕೊಟ್ಟು ಉತ್ತರಕ್ಕೆ ಕರೆದೊಯ್ದ. ಆಮೇಲೆ ಅವರಿಗೆ ಬಿಡುಗಡೆಯೂ ಸಿಕ್ಕಿತು. ಎಷ್ಟು ಒಳ್ಳೆ ಯೂನಿಟ್ ಆಗುತ್ತದೆ ಯೋಚಿಸಿ.

ಮ್ಯಾಸಿಡೋನಿಯಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ನೇರ ತಪ್ಪು. ಎರಡೂ ಕೈಯಲ್ಲಿ ಹಿಡಿಯುವ ಉದ್ದ ಈಟಿ, ಸರಿಸ್ಸಾ, ಕ್ರಿ.ಪೂ. 359ರಲ್ಲಿ ಅಧಿಕಾರಕ್ಕೆ ಬಂದ ಎರಡನೇ ಫಿಲಿಪ್ ಕಾಲದ್ದು. ನಿಮ್ಮ ಯುದ್ಧದ ಹೊತ್ತಿಗೆ ಅಲ್ಲಿ ಎರಡನೇ ಪರ್ಡಿಕಸ್ ರಾಜ. ಅವನ ಬಲ ಕುದುರೆ ಸವಾರರು. ಕುದುರೆ ಕೊಡಿ, ಈಟಿ ಸಾಲು ತೆಗೆಯಿರಿ. ಹದಿನಾರು ಕಿರಣದ ಸೂರ್ಯ ಪ್ರಸಿದ್ಧವಾದದ್ದು 1977ರಲ್ಲಿ ಮನೋಲಿಸ್ ಆಂಡ್ರೋನಿಕಾಸ್ ವರ್ಜಿನಾದ ಸಮಾಧಿಯಲ್ಲಿ ಕಂಡ ಚಿನ್ನದ ಪೆಟ್ಟಿಗೆಯಿಂದ. ಅದು ಕ್ರಿ.ಪೂ. 4ನೇ ಶತಮಾನದ ವಸ್ತು. ಅಂಥ ಕಿರಣದ ಚಿತ್ರ ಬೇರೆ ಗ್ರೀಕರಲ್ಲೂ ಇತ್ತು, ಮ್ಯಾಸಿಡೋನಿಯಾದ್ದು ಮಾತ್ರ ಅಲ್ಲ.

ಆ ಸೂರ್ಯನಿಗೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ. 1992ರಲ್ಲಿ ಹೊಸ ಮ್ಯಾಸಿಡೋನಿಯಾ ಗಣರಾಜ್ಯ ಅದನ್ನು ಧ್ವಜದಲ್ಲಿ ಇಟ್ಟಿತು, ಗ್ರೀಸ್ ಸಿಟ್ಟಾಯಿತು, 1995ರಲ್ಲಿ ಧ್ವಜ ಬದಲಾಯಿತು. 2018ರ ಪ್ರೆಸ್ಪಾ ಒಪ್ಪಂದದಲ್ಲಿ, ಇನ್ನು ಸಾರ್ವಜನಿಕವಾಗಿ ಅದನ್ನು ಬಳಸುವುದಿಲ್ಲ ಅಂತ ಆ ದೇಶ ಒಪ್ಪಿಕೊಂಡಿತು. ನಿಮ್ಮ ಗೇಮ್ ಯೂರೋಪಿನಲ್ಲೂ ಬಿಡುಗಡೆಯಾದರೆ ಇಂಥವು ಗೊತ್ತಿರಬೇಕು. ಲ್ಯಾಂಬ್ಡಾವನ್ನು ಅಲ್ಲಿನ ಒಂದು ತೀವ್ರ ಬಲಪಂಥೀಯ ಗುಂಪು ತನ್ನ ಗುರುತು ಮಾಡಿಕೊಂಡಿದೆ. ಗ್ರೀಕ್ ಅಂಚಿನ ವಿನ್ಯಾಸ ಮಿಯಾಂಡರ್ ಅನ್ನು ಗೋಲ್ಡನ್ ಡಾನ್ ಎಂಬ ಪಕ್ಷ ಚಿಹ್ನೆಯಾಗಿ ಬಳಸಿತು. 2020ರಲ್ಲಿ ಅಥೆನ್ಸಿನ ನ್ಯಾಯಾಲಯ ಆ ಪಕ್ಷವನ್ನು ಅಪರಾಧಿ ಸಂಘಟನೆ ಅಂದಿತು. ಹಾಗಂತ ಮಿಯಾಂಡರ್ ಬಿಡಬೇಕಿಲ್ಲ, ಅದು ಬಹಳಷ್ಟು ಗ್ರೀಕ್ ಮಡಕೆಗಳ ಮೇಲೆ ಇರುವಂಥದ್ದು. ಕೆಂಪು ಹಿನ್ನೆಲೆ ಮೇಲೆ ಕಪ್ಪು ಮಿಯಾಂಡರನ್ನು ಒಂಟಿ ಚಿಹ್ನೆಯಾಗಿ ಇಡಬೇಡಿ, ಅಷ್ಟೇ. ಸ್ವಸ್ತಿಕವೂ ಹಳೆಯ ಗ್ರೀಕ್ ಮಡಕೆಗಳ ಮೇಲಿದೆ. ನಮ್ಮ ಹೊಸ್ತಿಲಲ್ಲಿ ಅದು ಮಂಗಳ, ಹಾಗಾಗಿ ಇಲ್ಲಿನ ಆರ್ಟಿಸ್ಟ್‌ಗೆ ಕೈ ತಡೆಯುವುದಿಲ್ಲ. ಜರ್ಮನಿಯಲ್ಲಿ ಅದು ಕಾನೂನಿನ ತೊಂದರೆ ತರಬಹುದು. ಬಳಸಲೇಬೇಕಾದ ಅಗತ್ಯ ನಿಮಗಿಲ್ಲ.

ಇನ್ನು ನೀವು ಕೇಳಿದ ಮುಖ್ಯ ಮಾತು, ಯಾರು ಯಾವ ಪಕ್ಷ ಅಂತ ಗೊತ್ತಾಗುತ್ತಾ? ಇದು ನ್ಯಾಯವಾದ ಚಿಂತೆ. ಡೀಲಿಯಂನಲ್ಲಿ ಸೈನಿಕರಿಗೇ ಗೊತ್ತಾಗದ್ದು ಐದೂವರೆ ಇಂಚಿನ ಪರದೆ ಮೇಲೆ ಆಟಗಾರನಿಗೆ ಹೇಗೆ ಗೊತ್ತಾಗಬೇಕು? ದಾರಿಗಳಿವೆ. ಪಕ್ಷದ ಬಣ್ಣವನ್ನು ಸೈನಿಕನ ಮೈಯಿಂದ ತೆಗೆದು ಕಾಲ ಕೆಳಗಿನ ಉಂಗುರಕ್ಕೆ, ತಲೆ ಮೇಲಿನ ಪಟ್ಟಿಗೆ ಹಾಕಿ. ಅದು ಆಟದ ಭಾಷೆ ಅಂತ ಎಲ್ಲರಿಗೂ ಗೊತ್ತು, ಯಾರೂ ಅದನ್ನು ಚರಿತ್ರೆ ಅಂದುಕೊಳ್ಳುವುದಿಲ್ಲ. ಅಥೆನ್ಸಿನವರ ಅಂಗಿಗೆ ಬಿಳಿ, ಕಂದು, ಹಳದಿ ಬೆರೆಸಿ. ಸ್ಪಾರ್ಟಾದವರು ಒಂದೇ ಕೆಂಪಿನಲ್ಲಿ ನಿಂತರೆ, ಎದುರಿಗೆ ಬಗೆಬಗೆ ಬಣ್ಣದವರು ನಿಂತರೆ, ದೂರದಿಂದಲೂ ವ್ಯತ್ಯಾಸ ಕಾಣುತ್ತದೆ. ಇದರಲ್ಲಿ ತೊಂದರೆ ಅಂದರೆ ಕನ್ನಡಿ ಆಟ, ಸ್ಪಾರ್ಟಾ ವಿರುದ್ಧ ಸ್ಪಾರ್ಟಾ ಬಂದಾಗ ಉಂಗುರ ಒಂದೇ ಗತಿ. ಅದನ್ನು ಮೊದಲೇ ಟೆಸ್ಟ್ ಮಾಡಿ.

ಲ್ಯಾಂಬ್ಡಾವನ್ನು ಪೂರ್ತಿ ತೆಗೆದರೆ ಆಟಗಾರರು ‘ಇದು ಸ್ಪಾರ್ಟಾನೇ ಅಲ್ಲ’ ಅನ್ನುವ ಸಾಧ್ಯತೆ ಇದೆ. ಎಲ್ಲರಿಗೂ ಇಟ್ಟರೆ ಆಧಾರವನ್ನು ಮೀರಿ ಹೇಳಿದಂತೆ. ನಾನಾಗಿದ್ದರೆ ಬಹಳಷ್ಟು ಗುರಾಣಿಗಳನ್ನು ಬರೀ ಹೊಳೆಯುವ ಕಂಚಾಗಿ ಬಿಟ್ಟು, ಕೆಲವಕ್ಕೆ ಲ್ಯಾಂಬ್ಡಾ, ಒಂದೆರಡಕ್ಕೆ ಸ್ವಂತ ಚಿತ್ರ ಕೊಡುತ್ತಿದ್ದೆ. ಒಂದು ನೊಣವೂ ಇರಲಿ.

ಹೆಸರುಗಳನ್ನೂ ಒಮ್ಮೆ ನೋಡಿ. 1997ರ ‘ಏಜ್ ಆಫ್ ಎಂಪೈರ್ಸ್’ನಲ್ಲಿ ಹಾಪ್ಲೈಟ್ ಮೇಲೇರಿ ಫ್ಯಾಲಾಂಕ್ಸ್ ಆಗುತ್ತಾನೆ, ಆಮೇಲೆ ಸೆಂಚುರಿಯನ್. ಫ್ಯಾಲಾಂಕ್ಸ್ ಅಂದರೆ ಸೈನಿಕರು ನಿಲ್ಲುವ ಸಾಲು, ಸೆಂಚುರಿಯನ್ ರೋಮ್ ಸೈನ್ಯದ ಅಧಿಕಾರಿ. 2004ರ ‘ರೋಮ್: ಟೋಟಲ್ ವಾರ್’ನಲ್ಲಿ ಗ್ರೀಕ್ ಮೂಲದ ಟಾಲೆಮಿ ರಾಜರ ಈಜಿಪ್ಟಿಗೆ ಸಾವಿರ ವರ್ಷ ಹಳೆಯ ಫೇರೋ ವೇಷ ಹಾಕಿದ್ದರು. ಎರಡೂ ಜನ ಪ್ರೀತಿಸಿ ಆಡಿದ ಗೇಮ್‌ಗಳೇ. ಎದುರಾಗಿ, ‘ಸಿವಿಲೈಜೇಷನ್ 6’ರಲ್ಲಿ ಒಬ್ಬ ಹಾಪ್ಲೈಟ್ ಪಕ್ಕ ಇನ್ನೊಬ್ಬ ಹಾಪ್ಲೈಟ್ ನಿಂತರೆ ಇಬ್ಬರಿಗೂ ಬಲ ಹೆಚ್ಚುತ್ತದೆ. ನನ್ನ ಮಟ್ಟಿಗೆ ಅದು ಈ ಸೈನಿಕರ ಬಗ್ಗೆ ಗೇಮ್‌ಗಳಲ್ಲಿ ಬಂದ ಅತ್ಯಂತ ನಿಜವಾದ ಮಾತುಗಳಲ್ಲಿ ಒಂದು. ಆ ಗುರಾಣಿ ಸುಮಾರು 90 ಸೆಂ.ಮೀ. ಅಗಲ, ಆರೇಳು ಕಿಲೋ ಭಾರ. ಮೊಣಕೈ ಬಳಿ ಪಟ್ಟಿಗೆ ತೋಳು ತೂರಿಸಿ ಹಿಡಿಯುವುದರಿಂದ ಅದರ ಎಡ ಅರ್ಧ ಪಕ್ಕದವನ ಕಡೆಗೆ ಚಾಚುತ್ತದೆ. ತನ್ನ ಬಲ ಮೈಯನ್ನು ಪಕ್ಕದವನ ಗುರಾಣಿ ಮರೆಗೆ ತರಲು ಪ್ರತಿಯೊಬ್ಬನೂ ಸರಿಯುವುದರಿಂದ ಇಡೀ ಸೈನ್ಯ ಬಲಕ್ಕೆ ವಾಲುತ್ತದೆ ಅಂತ ಥೂಸಿಡಿಡೀಸ್ ಕ್ರಿ.ಪೂ. 418ರ ಮ್ಯಾಂಟಿನಿಯಾ ಕಾಳಗದ ಬಗ್ಗೆ ಬರೆಯುವಾಗ ಹೇಳುತ್ತಾನೆ. ನಿಮ್ಮ ಪ್ರೋಗ್ರಾಮರ್‌ಗೆ ಇದನ್ನು ಹೇಳಿ ನೋಡಿ. ಸಾಲು ಮುಂದೆ ಹೋದಂತೆ ಸ್ವಲ್ಪ ಬಲಕ್ಕೆ ಸರಿದರೆ ಆಟಗಾರನಿಗೆ ಯೋಚಿಸಲು ಹೊಸ ತಂತ್ರ ಸಿಗುತ್ತದೆ.

‘ಇತಿಹಾಸಕ್ಕೆ ನಿಷ್ಠ’ ಅನ್ನುವ ಸಾಲನ್ನು ಜಾಹೀರಾತಿನಲ್ಲಿ ಹಾಕಬೇಡಿ. ಯಾವ ಗೇಮ್‌ಗೂ ಅದು ನಿಲ್ಲುವುದಿಲ್ಲ. ಬದಲು ಗೇಮ್ ಒಳಗೇ ಪ್ರತಿ ಯೂನಿಟ್‌ಗೆ ಎರಡು ಸಾಲಿನ ಟಿಪ್ಪಣಿ ಇಡಿ: ಇದಕ್ಕೆ ಆಧಾರ ಏನು, ಎಲ್ಲಿ ನಾವು ಊಹೆ ಮಾಡಿದ್ದೇವೆ. ನಿಮ್ಮ ಟೆಸ್ಟರ್‌ನಂಥವರು ಅದನ್ನು ಖಂಡಿತ ಓದುತ್ತಾರೆ.

ಸಮಯ ಕಡಿಮೆ ಇದ್ದರೆ ಕೆಲಸದ ಕ್ರಮ ಹೀಗಿರಲಿ. ಮೊದಲು ಮ್ಯಾಸಿಡೋನಿಯಾದ ಸರಿಸ್ಸಾ ಮತ್ತು ಸೂರ್ಯ ತೆಗೆಯಿರಿ, ಅದು ಸಮರ್ಥಿಸಲಾಗದ ತಪ್ಪು. ನಂತರ ಸ್ಪಾರ್ಟಾದ ಅಂಗಿ, ಹೆಲ್ಮೆಟ್. ಗುರಾಣಿ ಚಿತ್ರಗಳನ್ನು ಬೇರೆ ಪದರವಾಗಿ ಮಾಡಿಕೊಂಡರೆ ಒಂದೇ ಮಾಡೆಲ್ ಮೇಲೆ ಹತ್ತು ಹನ್ನೆರಡು ಚಿತ್ರ ಬದಲಿಸಿ ಹಾಕಬಹುದು, ಫೋನಿಗೂ ಭಾರವಾಗುವುದಿಲ್ಲ. ಹೆಲಟ್ ಮತ್ತು ಪೆಲ್ಟಾಸ್ಟ್‌ಗೆ ಹೊಸ ಮಾಡೆಲ್ ಬೇಕು, ಅದಕ್ಕೆ ಲೀಡ್ ಹತ್ತಿರ ಸಮಯ ಕೇಳಿ. ಕೊಡದಿದ್ದರೆ ಸ್ಫ್ಯಾಕ್ಟೀರಿಯಾ ಕಾಳಗದ ಹಂತವನ್ನು ಮುಂದಿನ ಅಪ್‌ಡೇಟ್‌ಗೆ ತಳ್ಳಿ. ಹಗುರ ಸೈನಿಕರಿಲ್ಲದೆ ಆ ಕಾಳಗವನ್ನು ತೋರಿಸಲು ಆಗುವುದಿಲ್ಲ.